ತೊಟ್ಟಿಯ ಲೆಕ್ಕ

ಎರಡು ನಲ್ಲಿಗಳು ತೊಟ್ಟಿಯನ್ನು ತುಂಬಿಸುತ್ತವೆ, ಮೂರನೆಯದು ಖಾಲಿ ಮಾಡುತ್ತದೆ. ಮೂರನ್ನೂ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ನಿಮಿಷ ಬೇಕು?

ಶೈಲಶ್ರೀ ಪ್ರಶ್ನೆಪತ್ರಿಕೆಯಿಂದ ತಲೆಯೆತ್ತಿ ಕಿಟಕಿಯಾಚೆ ನೋಡಿದಳು. ಅಂಗಳದಲ್ಲಿ ಗಾಜಿನ ತೊಟ್ಟಿಗಳು ಸಾಲಾಗಿದ್ದವು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು, ಒಳಗೆ ಅವರವರ ಮನೆಯವರೊಬ್ಬರು. ಅವಳ ತೊಟ್ಟಿಯಲ್ಲಿ ಅಪ್ಪ ನಿಂತಿದ್ದರು. ನೀರು ಎದೆಮಟ್ಟಕ್ಕೆ ಬಂದಿತ್ತು. ಈ ಲೆಕ್ಕಕ್ಕೆ ಸರಿಯುತ್ತರ ಗುರುತಿಸಿದ ಕೂಡಲೇ ನಲ್ಲಿಗಳು ನಿಲ್ಲುತ್ತವೆ.

ಅವಳಿಗೆ ಬಿ ಮತ್ತು ಸಿ ಎರಡೂ ಸರಿಯೆನಿಸಿದವು.

"ಅನುಮಾನ ಬಂದ್ರೆ ಬಿಟ್ಟು ಮುಂದೆ ಹೋಗ್ಬೇಕು. ತಪ್ಪಾದ್ರೆ ಕಾಲು ಮಾರ್ಕ್ಸ್ ಕಟ್," ಎಂದು ವರ್ಷವಿಡೀ ದಿನಾ ಬೆಳಿಗ್ಗೆ ಅವಳಿಗೆ ಗಿಳಿಪಾಠ ಮಾಡಿಸಿದ್ದವರು ಅಪ್ಪನೇ.

ಈಗ ಅಪ್ಪ ಎರಡೂ ಅಂಗೈಗಳಿಂದ ಗಾಜನ್ನು ಬಡಿಯತೊಡಗಿದರು. ಕೊಠಡಿಯ ಮೇಲ್ವಿಚಾರಕಿ ಎದ್ದು ಬಂದು ಕಿಟಕಿಯ ಪರದೆ ಎಳೆದರು.

"ಪೇಪರ್ ನೋಡ್ಕೊಳಮ್ಮ. ಪ್ರತಿ ವರ್ಷ ಇದೇ ಗಲಾಟೆ, ಬೇರೆಯವ್ರಿಗೆ ಡಿಸ್ಟರ್ಬ್ ಆಗುತ್ತೆ."

ಶೈಲಶ್ರೀ ಆ ಪ್ರಶ್ನೆಯನ್ನು ಬಿಟ್ಟಳು. ಮುಂದಿನದು ರೈಲಿನ ಲೆಕ್ಕ, ಸಲೀಸಾಗಿ ಬಂತು. ಬಡಿತ ಯಾವಾಗ ನಿಂತಿತೋ ಅವಳು ಗಮನಿಸಲಿಲ್ಲ.

ಗೇಟಿನ ಹೊರಗೆ ಅಮ್ಮ ಎರಡು ಊಟದ ಡಬ್ಬಿ ಹಿಡಿದು ಕಾಯುತ್ತಿದ್ದಳು.

"ಎಷ್ಟು ಬಿಟ್ಟೆ?"

"ಒಂದೇ ಒಂದಮ್ಮ. ಪ್ರಿಲಿಮ್ಸ್ ಪಾಸಾಗೋದು ಗ್ಯಾರಂಟಿ."

ಅಮ್ಮ ಒಂದು ಡಬ್ಬಿಯನ್ನು ಚೀಲದೊಳಕ್ಕೆ ಹಾಕಿದಳು. ಇನ್ನೊಂದನ್ನು ಅವಳ ಕೈಗಿತ್ತಳು.

"ಮೇನ್ಸ್‌ಗೂ ತೊಟ್ಟಿ ಲೆಕ್ಕ ಇರುತ್ತಾ?"

"ಇರುತ್ತೆ."

"ಅದ್ರಲ್ಲೂ ತಪ್ಪಾದ್ರೆ ಮಾರ್ಕ್ಸ್ ಕಟ್ ಮಾಡ್ತಾರೇನೇ?"