ಪಿಟ್ ಲೈನಿನ ಕೆಂಪು ಬಾವುಟ

ಮೇಜಿನ ಮೇಲಿನ ಪುಟ್ಟ ರಿಪೇರಿ ಯಾರ್ಡಿನ ಗುಜರಿ ರಾಶಿಗೆ ಕೊನೆಯ ಸ್ಪ್ರಿಂಗು ಅಂಟಿಸಿ ತಲೆ ಎತ್ತಿದ ಭಾವಮೈದುನನಿಗೆ ಆಟಿಕೆ ಎಂಜಿನ್ನಿನ ಮೂತಿಗೆ ಸಿಕ್ಕಿಸಿದ್ದ ಬಾವುಟ ಕಂಡಿತು. ಬೆಂಕಿಕಡ್ಡಿಯ ಸೀಳು, ಅದಕ್ಕೆ ಉಗುರಗಲದ ಕೆಂಪು ಬಟ್ಟೆ. ನಿನ್ನೆ ಅದು ಅಲ್ಲಿರಲಿಲ್ಲ.

"ಭಾವ, ಇದನ್ನ ತೆಗೀಲಾ? ಐದು ಗಂಟೆಗೆ ನಿಮ್ಮ ಶೆಡ್ಡಿನವರೆಲ್ಲ ಬರ್ತಾರೆ. ಗಾಡಿ ಬಿಡಬೇಕಲ್ಲ."

"ಮುಟ್ಟಬೇಡ," ಎಂದರು ಭಾವ. ಎಂಜಿನ್ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿ ಸವೆದವರು. "ಕೆಂಪು ಬಾವುಟ ಇದ್ರೆ ಎಂಜಿನ್ ಕೆಳಗಿನ ಗುಂಡೀಲಿ, ಪಿಟ್ಟಲ್ಲಿ, ಆಳು ಇದಾನೆ ಅಂತ. ಹಾಕಿದವನೇ ತೆಗೀಬೇಕು. ದೊಡ್ಡ ಸಾಹೇಬರೇ ಬಂದು ನಿಂತ್ರೂ ಅಷ್ಟೇ."

"ನೀವೇ ಹಾಕಿರಬೇಕು."

"ನಾನು ಹಾಕಿದ್ರೆ ನನಗೆ ಗೊತ್ತಿರಲ್ವೇನೋ?"

ಮರೆವು ಶುರುವಾದ ಮೇಲೆ ಭಾವನ ಕೈಗೊಂದು ಕೆಲಸವಿರಲೆಂದು ಅಕ್ಕ ಮೇಜಿನ ಮೇಲೆ ಈ ರೈಲು ಹೂಡಿಸಿದ್ದಳು. ಕೆಟ್ಟ ಗಡಿಯಾರದ ಹಲ್ಲುಚಕ್ರಗಳು ಕಳಚಿಟ್ಟ ಗಾಲಿಗಳಾದವು, ಪೇಸ್ಟಿನ ಮುಚ್ಚಳಗಳು ಎಣ್ಣೆಯ ಪೀಪಾಯಿಗಳಾದವು, ಪೆನ್ನಿನ ಸ್ಪ್ರಿಂಗುಗಳಿಗೆ ಇಟ್ಟಿಗೆ ಪುಡಿ ಬಳಿದು ತುಕ್ಕು ಹಿಡಿಸಿದ್ದಾಯಿತು. ಇವತ್ತು ಹಳೆಯ ಗೆಳೆಯರೆದುರು ಭಾವ ತಮ್ಮ ಕೈಯಾರೆ ಒಂದು ಸಲ ಗಾಡಿ ಬಿಡಬೇಕು. ಮುಂದಿನ ವರ್ಷಕ್ಕೆ ಆ ಮುಖಗಳ ಗುರುತು ಉಳಿದೀತೋ ಇಲ್ಲವೋ. ಅಕ್ಕನ ಆಸೆ ಅಷ್ಟೇ.

ಭಾವ ಬೆರಳು ಮಡಚುತ್ತ, ಬೆಳಗಿನಿಂದ ಮಾಡಿದ್ದನ್ನೆಲ್ಲ ಒಪ್ಪಿಸತೊಡಗಿದರು. ಸ್ನಾನ, ಮಾತ್ರೆ, ಪೇಪರು. ಅಲ್ಲಿಗೆ ನಿಂತಿತು. ಪದ್ಯ ಹೇಳುತ್ತ ಮರೆತವನು ಹಿಂದಿನ ಸಾಲಿನಿಂದ ಮತ್ತೆ ಹತ್ತಿ ನೋಡುವ ಹಾಗೆ, ತಿರುಗಿ ಸ್ನಾನದಿಂದ ಹಿಡಿದರು. ಕೇಳುತ್ತ ಕೇಳುತ್ತ ಭಾವಮೈದುನನಿಗೇ ದಿಕ್ಕು ತಪ್ಪಿತು. ತಾನೇ ಹಾಕಿ ಮರೆತಿರಬಹುದೇ?

ಬಾಗಿಲಲ್ಲಿದ್ದ ಅಕ್ಕ ಕಣ್ಸನ್ನೆ ಮಾಡಿ ಅವನನ್ನು ಕರೆದು ಪಿಸುಗುಟ್ಟಿದಳು. "ನೀನೇ ಹಾಕಿದ್ದು ಅಂತ ಹೇಳಿ ಕಿತ್ತುಬಿಡೋ. ಒಂದು ಬೆಂಕಿಕಡ್ಡಿಗೆ ಇಷ್ಟೊಂದು ಪಂಚಾಯ್ತಿಯಾ?"

ಅವನು ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. "ನೆನಪಾಯ್ತು ಭಾವ. ನಾನೇ ಹಾಕಿದ್ದು."

"ಸರಿ. ಕೆಳಗೆ ಏನು ಕೆಲಸ ಮಾಡ್ತಿದ್ದೆ?"

ಅವನು ಅಕ್ಕನ ಮುಖ ನೋಡಿದ. ಅಕ್ಕ ಫ್ಯಾನು ನೋಡಿದಳು.

"ಒಬ್ಬನ ಪ್ರಾಣದ ವಿಷಯ ಕಣೋ," ಎಂದು ಭಾವ ನೊಂದುಕೊಂಡರು. ಟಾರ್ಚು ಹಿಡಿದು, ಕೆನ್ನೆಯನ್ನು ಮೇಜಿಗೆ ಒತ್ತಿ ಎಂಜಿನ್ನಿನ ಅಡಿಗೆ ಇಣುಕಿದರು.

"ಇದಾನೆ."

ಭಾವಮೈದುನನೂ ಬಗ್ಗಿದ. ಹಳಿಗಳ ನಡುವಿನ ಗುಂಡಿಯಲ್ಲಿ ತಾಮ್ರದ ತಂತಿ ಸುತ್ತಿ ಮಾಡಿದ, ಅರ್ಧ ಬೆರಳುದ್ದವೂ ಇಲ್ಲದ ಮನುಷ್ಯನೊಬ್ಬ ಎರಡೂ ಕೈ ಮೇಲೆತ್ತಿ ಬೋಲ್ಟು ಬಿಗಿಯುತ್ತಿದ್ದ. ತಂತಿಯನ್ನು ಹಾಗೆ ಹೆಣೆಯುವ ಕೈ ಆ ಮನೆಯಲ್ಲಿ ಇದ್ದದ್ದು ಒಂದೇ, ಭಾವನದು.

"ಎಷ್ಟು ಚೆನ್ನಾಗಿ ಮಾಡಿದಾನೆ ನೋಡು," ಎಂದರು ಭಾವ. "ಕೆಲಸ ಬಲ್ಲವನು ಯಾರೋ."

ಹೊರಗೆ ಗೇಟು ಸದ್ದಾಯಿತು. ಗೆಳೆಯರ ನಗು, ಚಪ್ಪಲಿ ಬಿಡುವ ಸಪ್ಪಳ. ಭಾವ ಗೋಡೆಯಿಂದ ಪ್ಲಗ್ಗು ಕಿತ್ತು, ವೈರನ್ನು ನೀಟಾಗಿ ಸುತ್ತಿಟ್ಟು, ಕುರ್ಚಿ ಎಳೆದು ಎಂಜಿನ್ನಿನ ಪಕ್ಕ ಕೂತರು.

"ಬಂದೇಬಿಟ್ರು ರೀ. ಗಾಡಿ ಬಿಡಲ್ವಾ?" ಅಕ್ಕ ಪ್ಲಗ್ಗಿನತ್ತ ಕೈ ತೋರಿದಳು.

"ಅವರನ್ನೂ ಕೂರಿಸು. ಬಾವುಟ ಹಾಕಿದವನು ಬರಲಿ," ಎಂದರು ಭಾವ. "ಬಂದೇ ಬರ್ತಾನೆ. ಅರ್ಧಕ್ಕೆ ಬಿಟ್ಟು ಹೊರಟುಹೋಗೋ ಅಂಥವನಲ್ಲ ಅವನು."