ಮುಡಿ ಕೊಟ್ಟವನು

ಜೀಪು ಇವತ್ತೂ ಅಲ್ಲೇ ನಿಂತಿತ್ತು. ನಂಬರ್ ಪ್ಲೇಟಿನ ಜಾಗದಲ್ಲಿ ಬರೀ ಕೆಸರು. ಮುನಿಗಂಗಮ್ಮ ಕಿಟಕಿಯ ಸಂದಿನಿಂದ ಇಣುಕಿ ಥಟ್ಟನೆ ಹಿಂದೆ ಸರಿದಳು. ನಡುಮಧ್ಯಾಹ್ನ, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಆದರೂ ಬಾಗಿಲಿಗೆ ಚಿಲಕ ಹಾಕಿ, ಸಾಲದು ಅಂತ ಗ್ಯಾಸ್ ಸಿಲಿಂಡರನ್ನೂ ಎಳೆದು ಒತ್ತಿಟ್ಟಿದ್ದಳು.

ಜೀಪು ನಿಂತಿದ್ದದ್ದು ಎದುರು ಸಾಲಿನಲ್ಲಿ, ಅವಳ ಭಾವನ ಮಗ ಮೂರ್ತಿಯ ಮನೆ ಮುಂದೆ. ಆ ಬಾಗಿಲಲ್ಲಿ ಸುಮಾರು ದಿನದಿಂದ ರಂಗೋಲಿ ಬಿದ್ದಿರಲಿಲ್ಲ. ಆ ದರಿದ್ರದ ಗಾಡಿ ಹೊಸ್ತಿಲಿಗೇ ಬಂದು ನಿಂತರೆ ಮೂರ್ತಿಯ ಹೆಂಡತಿ ಮಾನಸ ತಾನೇ ಹೇಗೆ ಹೊರಗೆ ಬಂದು ರಂಗೋಲಿ ಬಿಟ್ಟಾಳು?

ಮುನಿಗಂಗಮ್ಮನ ಮಗ ರವಿಚಂದ್ರ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸಗಾರರನ್ನು ಒಟ್ಟು ಮಾಡಿ ಸಂಘ ಕಟ್ಟಿದ್ದ. ದಸರಾ ಕಳೆದ ಮೇಲೊಂದು ಬೆಳಗ್ಗೆ, ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದವನನ್ನು ಮಫ್ತಿಯಲ್ಲಿದ್ದ ನಾಲ್ವರು ಜೀಪಿಗೆ ತಳ್ಳಿಕೊಂಡು ಹೋದರು. ಸ್ಟಾಪಿನಲ್ಲಿದ್ದವರೆಲ್ಲ ನೋಡಿದರು. ಠಾಣೆಗೆ ಹೋಗಿ ಕೇಳಿದರೆ, "ನಾವ್ಯಾರ್‍ನೂ ಕರ್ಕೊಂಡ್ ಬಂದಿಲ್ಲಮ್ಮ. ಯಾವ್ದೋ ಹುಡ್ಗಿ ಜೊತೆ ಓಡೋಗಿರ್ತಾನೆ ನೋಡು" ಎಂದರು. ಜೀಪು ಹತ್ತಿ ಓಡಿಹೋಗುವ ಪ್ರೇಮಿ! ಹೇಳುವವರಿಗೆ ನಾಚಿಕೆಯಾಗಲಿಲ್ಲ.

ಆಮೇಲೆ ಮುನಿಗಂಗಮ್ಮನ ನೆರವಿಗೆ ಬಂದವಳು ಸಂಘಮಿತ್ರ. ಹೀಗೆ ಕಾಣೆಯಾದವರ ಮನೆಯವರೆಲ್ಲ ದೊಡ್ಡಬಳ್ಳಾಪುರದಲ್ಲಿ ಸೇರಿ ಒಂದು ಕೂಟ ಮಾಡಿಕೊಂಡಿದ್ದರು. ಸಂಘಮಿತ್ರಳೂ ಅದರಲ್ಲಿದ್ದಳು; ಅವಳ ಅಣ್ಣನನ್ನೂ ಹೀಗೆಯೇ ಒಯ್ದಿದ್ದರು. ರವಿಯನ್ನು ತಂದು ಎದುರಿಗೆ ನಿಲ್ಲಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿಸಿದ್ದು ಅವಳೇ. ನಾಳೆ ವಿಚಾರಣೆ. ಬೆಳಗ್ಗೆಯೇ ಫೋನ್ ಮಾಡಿದ್ದಳು.

"ಅಮ್ಮಾ, ಇವತ್ತು ಯಾರಾದ್ರೂ ಬಂದೇ ಬರ್ತಾರೆ. ಹೆದ್ರಿಸ್ತಾರೆ, ಇಲ್ಲಾ ಆಸೆ ತೋರಿಸ್ತಾರೆ. ಯಾತಕ್ಕೂ ಸೈನ್ ಹಾಕ್ಬೇಡಿ."

ಬಾಗಿಲು ಬಡಿದ ಸದ್ದಾಯಿತು. ಮುನಿಗಂಗಮ್ಮನ ಜೀವ ಬಾಯಿಗೆ ಬಂತು.

"ಚಿಕ್ಕಮ್ಮಾ, ನಾನು. ಮೂರ್ತಿ."

ಹೋದ ಜೀವ ಬಂದಂತಾಯಿತು. ಮೂರ್ತಿ ಪೊಲೀಸ್ ಇಲಾಖೆಯಲ್ಲಿ ದಫೇದಾರನಾದರೂ ಮನೆಯ ಹುಡುಗ. ಅವಳ ಗಂಡ ತೀರಿಕೊಂಡಾಗ ರವಿಗೆ ಇನ್ನೂ ಮಾತು ಬಂದಿರಲಿಲ್ಲ. ಮಗ ಮಾಡಬೇಕಾದ್ದನ್ನೆಲ್ಲ ಮುಂದೆ ನಿಂತು ಮಾಡಿದವನು ಇವನೇ. ಅವನನ್ನು ನಂಬದೆ ಇನ್ಯಾರನ್ನು ನಂಬುವುದು?

ಸಿಲಿಂಡರ್ ಸರಿಸಿ ಬಾಗಿಲು ತೆಗೆದಳು. ಮೂರ್ತಿ ಒಳಗೆ ಬಂದು ಕ್ಯಾಪ್ ತೆಗೆದ. ತಲೆ ನುಣ್ಣಗಿತ್ತು.

"ಇದೇನೋ ಮಗಾ?"

"ತಿರುಪ್ತಿಗೆ ಹೋಗಿದ್ದೆ ಚಿಕ್ಕಮ್ಮ. ಮುಡಿ ಕೊಟ್ಟೆ. ರವಿಗೋಸ್ಕರ."

ಅವಳ ಕಣ್ಣು ತುಂಬಿತು. ಹರಕೆ ಫಲಿಸಿದ ಮೇಲಲ್ಲವೇ ಮುಡಿ ಕೊಡುವುದು? "ಸಿಕ್ಕಿದ್ನೇನೋ?" ಎಂದು ಅವನ ತೋಳು ಹಿಡಿದಳು.

"ನೋಡ್ದೆ. ಕಣ್ಣಾರೆ ನೋಡ್ದೆ." ಮೂರ್ತಿ ಗೋಡೆಯ ಕಡೆ ಮುಖ ಮಾಡಿದ. ಅಲ್ಲಿ ರವಿಯ ಫೋಟೊ ಕಂಡೊಡನೆ ನೆಲ ನೋಡಿದ. "ಇನ್ಮೇಲೆ ಅವ್ನನ್ನ ಯಾರೂ ಹೊಡೆಯಲ್ಲ."

"ಹೊಡೆದಿದ್ರಾ?"

ಮೂರ್ತಿ ಬಾಗಿಲನ್ನು ಎಳೆದು ಮುಚ್ಚಿದ. ಜೇಬಿನಿಂದ ಮಡಚಿದ ಹಾಳೆಯೊಂದು ಬಂತು. ಮಗ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿರುವುದು ಗೊತ್ತಾಗಿದೆ, ಅರ್ಜಿ ವಾಪಸ್ ಪಡೆಯುತ್ತೇನೆ ಎಂದು ಅದರಲ್ಲಿ ಅಚ್ಚಾಗಿತ್ತು.

"ಸೈನ್ ಹಾಕ್ಬಿಡು ಚಿಕ್ಕಮ್ಮ. ಅವ್ರು ಸುಮ್ನಾಗ್ತಾರೆ. ಆ ಜೀಪು ನಿನ್ನೊಬ್ಳನ್ನೇ ಕಾಯ್ತಿಲ್ಲ. ನನ್ಗೂ ಎರಡು ಮಕ್ಳಿವೆ."

"ಹಾಕಿದ್ರೆ ರವಿನ ಬಿಡ್ತಾರಾ?"

"ಬಿಟ್ಟಾಯ್ತು ಅಂತ್ಲೇ ಇಟ್ಕೊ."

ಅವನು ಬಾಗಿಲ ಕಡೆಗೆ ತಿರುತಿರುಗಿ ನೋಡುತ್ತಿದ್ದ. ಪೊಲೀಸಿನವನೇ ಹೀಗೆ ಹೆದರಬೇಕಾದರೆ ಇದರ ಹಿಂದೆ ಎಂಥವರಿರಬೇಕು ಎಂದು ಅವಳಿಗೆ ಇನ್ನಷ್ಟು ಭಯವಾಯಿತು. ಕೋರ್ಟು ಎಲ್ಲಿಗೂ ಓಡಿಹೋಗುವುದಿಲ್ಲ. ಮಗ ಬದುಕಿ ಬಂದರೆ ಸಾಕು. ಸಂಘಮಿತ್ರ ಬೈದರೆ ಬೈಸಿಕೊಂಡರಾಯಿತು. ಒಳಗೆ ಹೋಗಿ ರವಿಯ ಸ್ವೆಟರ್ ತಂದಳು.

"ಇದನ್ನ ಅವ್ನಿಗೆ ಕೊಟ್ಬಿಡು. ಬೆಳಗಿನ ಜಾವದ ಚಳಿ ತಡ್ಕೊಳಲ್ಲ ಅವ್ನು."

"ಬೇಡ. ಅಲ್ಲಿ ಚಳಿ ಆಗಲ್ಲ." ಮೂರ್ತಿ ಸ್ವೆಟರ್ ಮುಟ್ಟಲಿಲ್ಲ. ಪೆನ್ನು ಮುಂದೆ ಚಾಚಿದ.

ಮುನಿಗಂಗಮ್ಮ ಹಾಳೆಯನ್ನು ಟಿ.ವಿ. ಸ್ಟ್ಯಾಂಡಿನ ಮೇಲೆ ಹರಡಿ ಪೆನ್ನು ಹಿಡಿದಳು. ಮೊದಲ ಅಕ್ಷರ ಬರೆಯಬೇಕು, ಅಷ್ಟರಲ್ಲಿ ನೆನಪಾಯಿತು. ಮಗ ಮನೆಗೆ ಬರುವ ಕೆಲಸ ಇದು. ದೇವರ ಪ್ರಸಾದ ಬಾಯಿಗೆ ಬೀಳದೆ ಶುರುಮಾಡುವುದು ಹೇಗೆ?

"ಲಾಡು ಎಲ್ಲೋ ಮಗಾ? ಒಂದ್ ಚೂರು ಬಾಯಿಗೆ ಹಾಕ್ಕೊಂಡು ಬರೀತೀನಿ."

ಮೂರ್ತಿಯ ಕೈ ಜೇಬಿಗೆ ಹೋಗಿ ಹಾಗೆಯೇ ಹೊರಗೆ ಬಂತು.

"ಲಾಡು... ತರ್ಲಿಲ್ಲ ಚಿಕ್ಕಮ್ಮ."

ಈ ಬೀದಿಯಲ್ಲಿ ತಿರುಪತಿಗೆ ಹೋಗಿ ಬಂದವರು ಬಟ್ಟೆ ಬದಲಿಸುವ ಮುಂಚೆಯೇ ಲಾಡು ಹಂಚಲು ಹೊರಡುತ್ತಾರೆ. ಮನೆಗೊಂದು ಚೂರು, ಮಾತು ಬಿಟ್ಟವರ ಮನೆಗೂ ಒಂದು ಚೂರು. ಮುನಿಗಂಗಮ್ಮ ತಲೆಯೆತ್ತಿದಳು. ನುಣ್ಣಗೆ ಬೋಳಿಸಿದ ತಲೆ, ಬೋಳಿಸಿದ ಮೀಸೆ. ಮೂರ್ತಿಯನ್ನು ಹೀಗೆ ಅವಳು ಹಿಂದೊಮ್ಮೆ ನೋಡಿದ್ದಳು, ತನ್ನ ಗಂಡನ ತಿಥಿಯ ದಿನ. ಆಗಲೂ ಎರಡೂ ಮನೆಯ ಬಾಗಿಲಲ್ಲಿ ರಂಗೋಲಿ ಇರಲಿಲ್ಲ.

ಪೆನ್ನು ಕೆಳಗಿಟ್ಟಳು.

"ಮೂರ್ತಿ, ನನ್ ಮಗನ್ನ ಎಲ್ಲಿ ಮಣ್ಣು ಮಾಡ್ದೆ?"