ಇಳಿಯದ ಡಿಕಾಕ್ಷನ್

ಫಿಲ್ಟರಿನಲ್ಲಿ ಕಾಫಿಪುಡಿ ನೆನೆಯುವ ವಾಸನೆ ಬಂದರೆ ಈಗಲೂ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ಆ ಮಧ್ಯಾಹ್ನ ಬಳ್ಳಾರಿಯ ನಮ್ಮ ಮನೆಗೆ ಸಿರುಗುಪ್ಪದಿಂದ ಸೋದರಮಾವ ಬಂದಿದ್ದ. ಅಪ್ಪನೊಂದಿಗೆ ಜಗಳವಾಡಿ ಮಾತು ಬಿಟ್ಟ ಮೇಲೆ ಅದೇ ಮೊದಲ ಸಲ. ಅವ್ವ ಅಪ್ಪನ ಅಂಗಡಿಗೆ ಹೇಳಿ ಕಳಿಸಿದ್ದಳು.

"ಅಕ್ಕಾ, ನಾಲ್ಕರ ಬಸ್ಸಿಗೆ ಹೊಂಡ್ತೀನಿ."

"ಕಾಫಿ ಕುಡೀಲಾರದ ಹೋಗಾಕ ಇದೇನು ಬಸ್ ಸ್ಟ್ಯಾಂಡೇನಲೇ? ಕುಂದ್ರು. ಡಿಕಾಕ್ಷನ್ ಇಳಿಯಾಕತ್ತೈತಿ."

ಅಡುಗೆಮನೆಯಲ್ಲಿ ನೋಡಿದರೆ ಒಂದು ಹನಿಯೂ ಇಳಿದಿರಲಿಲ್ಲ. ಅವ್ವ ಎಂದಿಗಿಂತ ಎರಡು ಚಮಚ ಹೆಚ್ಚು ಪುಡಿ ಹಾಕಿ ಗಟ್ಟಿಯಾಗಿ ಒತ್ತಿದ್ದಳು. ಹೊರಗೆ ಮಾವ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ. ತಡವೆಂದರೆ ನನಗೂ ಆಗದು. ಅವ್ವ ಹಿತ್ತಲಿಗೆ ಹೋದಾಗ ಚಮಚದಿಂದ ಪುಡಿಯನ್ನು ಕೆದಕಿದೆ. ಡಿಕಾಕ್ಷನ್ ಸರಸರ ಇಳಿಯಿತು.

"ಮಾವಾ, ಕಾಫಿ ಆತು!" ಎಂದು ಕೂಗಿದೆ.

ಒಳಗೆ ಬಂದ ಅವ್ವ ಫಿಲ್ಟರನ್ನು ನೋಡಿದಳು, ನನ್ನನ್ನು ನೋಡಿದಳು, ಹಾಲು ಬೆರೆಸಿದಳು. ಮಾವ ಎರಡೇ ಗುಟುಕಿಗೆ ಕುಡಿದು ಬಸ್ಸಿಗೆ ಓಡಿದ.

ಸ್ವಲ್ಪ ಹೊತ್ತಿಗೆ ಅಪ್ಪ ಬೆವರುತ್ತ ಬಂದ. ಕೈಯಲ್ಲಿ ಬಿಸಿ ಮಿರ್ಚಿ ಬಜ್ಜಿಯ ಪೊಟ್ಟಣವಿತ್ತು.

"ಎಲ್ಲಿ ನಿನ್ನ ತಮ್ಮ?"

ಅವ್ವ ನನ್ನ ಕಡೆ ತಿರುಗಲಿಲ್ಲ.

"ಹ್ವಾದ. ನಾನ ಕಾಫಿ ಲಗೂನ ಕೊಟ್ಟುಬಿಟ್ಟೆ," ಎಂದಳು.